ಭವಿಷ್ಯತ್ಕಾಲದ ರೂಪದಲ್ಲಿ ಈಗಿನ ಊಹೆ

ಸ್ನೇಹಿತರೆ,

ಸ್ಪ್ಯಾನಿಷ್ ಭಾಷೆಯ ಭವಿಷ್ಯತ್ಕಾಲವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬೇಗನೆ ಮುಗಿಸಿಬಿಡುತ್ತವೆ. ಕ್ರಿಯಾಪದದ ಮೂಲರೂಪಕ್ಕೆ ಪ್ರತ್ಯಯ ಹಚ್ಚಿ, ‘ಮುಂದೆ ಆಗುವುದು’ ಎಂದು ಅರ್ಥ ಮಾಡಿಕೊಳ್ಳಿ, ಅಷ್ಟೇ. ಆದರೆ ಮ್ಯಾಡ್ರಿಡ್‌ನಲ್ಲಿ ಯಾರನ್ನಾದರೂ ಗಂಟೆ ಎಷ್ಟೆಂದು ಕೇಳಿ ನೋಡಿ. ಗಡಿಯಾರ ನೋಡಿದವರು ‘ಸೊನ್ ಲಾಸ್ ತ್ರೆಸ್’, ಮೂರು ಗಂಟೆ, ಎನ್ನುತ್ತಾರೆ. ನೋಡದವರು ‘ಸೆರಾನ್ ಲಾಸ್ ತ್ರೆಸ್’ ಎನ್ನಬಹುದು. ಈ ಎರಡನೆಯದು ಭವಿಷ್ಯತ್ ರೂಪ. ಆದರೂ ಅದರಲ್ಲಿ ಮುಂದಿನ ಮಾತೇ ಇಲ್ಲ. ಈಗ ಮೂರು ಗಂಟೆ ಆಗಿರಬೇಕು ಎಂಬ ಅಂದಾಜು ಮಾತ್ರ ಇದೆ.

ಬಾಗಿಲು ಬಡಿದ ಸದ್ದಾದಾಗ ಮನೆಯವರು ‘ಕ್ಯೆನ್ ಸೆರಾ?’ ಎನ್ನುತ್ತಾರೆ: ಯಾರಿರಬಹುದು? ‘ಎಸ್ತಾರಾ ಎನ್ ಕಾಸಾ’ ಎಂದರೆ ‘ಅವನು ಮನೆಯಲ್ಲಿರುತ್ತಾನೆ’ ಎಂದೂ ಆದೀತು, ‘ಈಗ ಮನೆಯಲ್ಲಿರಬಹುದು’ ಎಂದೂ ಆದೀತು. ಹಿಂದೆ ಮುಂದೆ ‘ನಾಳೆ’ ಇದೆಯೇ, ‘ಈಗ’ ಇದೆಯೇ ಎಂದು ನೋಡಿಯೇ ತೀರ್ಮಾನಿಸಬೇಕು.

ಕನ್ನಡಿಗರಿಗೆ ಇದು ಹೊಸದೇನಲ್ಲ. ಈಗತಾನೆ ‘ಆದೀತು’ ಎಂದೆನಲ್ಲ, ‘ಬಂದಾನು’, ‘ಇದ್ದೀತು’ ಎನ್ನುತ್ತೇವಲ್ಲ, ಅವು ನಮ್ಮ ವ್ಯಾಕರಣದ ಸಂಭಾವನಾರ್ಥಕ ರೂಪಗಳು. ನಾವು ಅದಕ್ಕೆ ಬೇರೆ ರೂಪವನ್ನೇ ಇಟ್ಟುಕೊಂಡಿದ್ದೇವೆ. ಸ್ಪ್ಯಾನಿಷ್ ಎರಡು ಕೆಲಸವನ್ನೂ ಒಂದೇ ರೂಪಕ್ಕೆ ಒಪ್ಪಿಸಿದೆ. ಆದ್ದರಿಂದ ಈ ಪಾಠವನ್ನು ಇಂಗ್ಲಿಷಿನ ಮೂಲಕ ಸುತ್ತಿ ಬರುವುದಕ್ಕಿಂತ ನೇರವಾಗಿ ಕನ್ನಡದಿಂದಲೇ ಕಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈ ರೂಪ ಹುಟ್ಟಿದ ಬಗೆಯೂ ಸೊಗಸಾಗಿದೆ. ಲ್ಯಾಟಿನ್ನಿನ ಹಳೆಯ ಭವಿಷ್ಯತ್ ರೂಪ ‘ಕಾಂತಾಬೊ’ ಬಳಕೆ ತಪ್ಪಿತು. ಅದರ ಜಾಗಕ್ಕೆ ‘ಕಾಂತಾರೆ ಹಾಬೆಯೊ’ ಬಂತು. ‘ನನಗೆ ಹಾಡುವುದಿದೆ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಎರಡು ಪದಗಳೂ ಬೆಸೆದು ‘ಕಾಂತಾರೆ’ ಎಂಬ ಒಂದೇ ಪದವಾಯಿತು; ಒತ್ತು ಕೊನೆಯ ‘ರೆ’ ಮೇಲೆ. ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ ಬೆಸುಗೆ ಇನ್ನೂ ಗಟ್ಟಿಯಾಗಿರಲಿಲ್ಲ. ‘ಅದನ್ನು ಕೊಡುವೆ’ ಎನ್ನಲು ‘ದಾರ್ ಲೊ ಎ’ ಎಂದು ನಡುವೆ ಸರ್ವನಾಮವನ್ನು ತೂರಿಸುತ್ತಿದ್ದರು. 1492ರಲ್ಲಿ ಸ್ಪ್ಯಾನಿಷ್ ವ್ಯಾಕರಣ ಪ್ರಕಟಿಸಿದ ಆಂಟೋನಿಯೊ ದೆ ನೆಬ್ರಿಹಾ ಈ ಜೋಡಣೆಯನ್ನು ಆಗಲೇ ಗುರುತಿಸಿದ್ದರು.

ಆಜ್ಞೆಗೂ ಇದೇ ರೂಪ ಬರುತ್ತದೆ. ಬೈಬಲ್ಲಿನ ‘ನೋ ಮಾತಾರಾಸ್’, ಕೊಲ್ಲಬಾರದು, ಎಲ್ಲರಿಗೂ ಗೊತ್ತಿರುವ ಉದಾಹರಣೆ. ಇನ್ನೊಂದು ಬಳಕೆ ನನಗೆ ಬಹಳ ಇಷ್ಟ: ‘ಸೆರಾ ರಿಕೊ, ಪೆರೊ ನೋ ಎಸ್ ಫೆಲಿಸ್’. ಶ್ರೀಮಂತನೇ ಇರಬಹುದು, ಆದರೆ ಸುಖಿಯಲ್ಲ. ಎದುರಿನವರ ಮಾತನ್ನು ಅರ್ಧ ಒಪ್ಪಿ, ಉಳಿದರ್ಧವನ್ನು ತಳ್ಳಿಹಾಕುವ ವಾದದ ವರಸೆ ಇದು.

ಹಾಗಾದರೆ ನಿಜವಾದ ನಾಳೆಯನ್ನು ಹೇಗೆ ಹೇಳುತ್ತಾರೆ? ಆಡುಮಾತಿನಲ್ಲಿ, ಅದರಲ್ಲೂ ಲ್ಯಾಟಿನ್ ಅಮೆರಿಕದಲ್ಲಿ, ‘ಬೊಯ್ ಆ ಕಾಂತಾರ್’, ಅಂದರೆ ‘ಹಾಡಲು ಹೋಗುತ್ತಿದ್ದೇನೆ’ ಎಂಬ ಮಾದರಿಯೇ ಹೆಚ್ಚು. ಹೀಗಾಗಿ ಮಾತಿನ ನಡುವೆ ‘ಸೆರಾ’ ಕಿವಿಗೆ ಬಿದ್ದರೆ ಮೊದಲು ಊಹೆಯ ಅರ್ಥವನ್ನೇ ಪರೀಕ್ಷಿಸಿ. ಮುಗಿದ ಕೆಲಸದ ಊಹೆಗೆ ‘ಆಬ್ರಾ ಯೆಗಾದೊ’, ಬಂದು ತಲುಪಿರಬೇಕು. ಕಳೆದ ಹೊತ್ತಿನ ಊಹೆಗೆ ‘ಸೆರಿಯಾನ್ ಲಾಸ್ ದಿಯೆಸ್’, ಆಗ ಹತ್ತು ಗಂಟೆ ಆಗಿದ್ದಿರಬೇಕು.