ನೂರು ಡಾಲರಿನಲ್ಲಿ ಒಂದೂವರೆ ಸೆಂಟು

ಕೇಳುಗರೇ, ನಮಸ್ಕಾರ.

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೊಂದು ಸಲ ಫಾರಂ ಬರುತ್ತದೆ, ಸಂಬಳದಲ್ಲಿ ಇಷ್ಟು ಹಿಡಿದುಕೊಂಡು ದಾನಕ್ಕೆ ಹಾಕಿ ಅಂತ ಸಹಿ ಮಾಡಿದರೆ ಆಯಿತು, ಮುಂದಿನದನ್ನು ಆಫೀಸಿನವರೇ ನೋಡಿಕೊಳ್ಳುತ್ತಾರೆ. ಪ್ರತಿ ಸಲ ಸಂಬಳದ ಚೀಟಿಯಲ್ಲಿ ತೆರಿಗೆ, ವಿಮೆ, ಅದರ ಕೆಳಗೆ ಈ ದಾನದ ಒಂದು ಸಾಲು. ಅಲ್ಲಿರುವ ನಮ್ಮ ಕನ್ನಡದ ಹುಡುಗರಿಗೂ ಇದು ಗೊತ್ತು. ಹೀಗೆ ದುಡ್ಡು ಸೇರಿಸುವುದರಲ್ಲಿ ಬಹಳ ಕಾಲ ಎಲ್ಲರಿಗಿಂತ ಮುಂದಿದ್ದ ಹೆಸರು ಯುನೈಟೆಡ್ ವೇ.

ಅದರ ರಾಷ್ಟ್ರೀಯ ಕಚೇರಿಯನ್ನು 1970ರಿಂದ ನಡೆಸುತ್ತಿದ್ದವನು ವಿಲಿಯಂ ಅರಮೋನಿ. ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆತನ ಕಾಲದಲ್ಲಿ ದೇಶದ ಉದ್ದಗಲಕ್ಕೂ ಇದ್ದ ಸುಮಾರು ಎರಡು ಸಾವಿರ ಸ್ಥಳೀಯ ಘಟಕಗಳ ಒಟ್ಟು ಸಂಗ್ರಹ ವರ್ಷಕ್ಕೆ 300 ಕೋಟಿ ಡಾಲರ್ ದಾಟಿತು. 1992ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಈ ಮನುಷ್ಯನ ಖರ್ಚುವೆಚ್ಚ ಬರೆಯಿತು. ಸಂಬಳ, ಸವಲತ್ತು ಎಲ್ಲ ಸೇರಿ ವರ್ಷಕ್ಕೆ 4,63,000 ಡಾಲರ್, ಕಾನ್‌ಕಾರ್ಡ್ ಅನ್ನುವ ಬಲು ದುಬಾರಿ ವಿಮಾನದಲ್ಲಿ ಓಡಾಟ, ಡ್ರೈವರ್ ಸಮೇತ ದೊಡ್ಡ ಕಾರು. ತಿಂಗಳು ಮುಗಿಯುವ ಮೊದಲೇ ಕುರ್ಚಿ ಹೋಯಿತು. 1995ರಲ್ಲಿ ಕೋರ್ಟು ವಂಚನೆ ಸಾಬೀತಾಗಿದೆ ಅಂತ ಏಳು ವರ್ಷ ಜೈಲು ಕೊಟ್ಟಿತು. ಗೆಳತಿಯ ಜೊತೆ ಸುತ್ತಾಡುವುದಕ್ಕೂ ಸಂಸ್ಥೆಯ ದುಡ್ಡೇ ಹೋಗಿತ್ತು.

ಕಳ್ಳತನದ ಭಾಗ ಕೋರ್ಟಿಗೆ ಬಿಡೋಣ. ನನಗೆ ಕುತೂಹಲ ಇರುವುದು ಆ ಸಂಬಳದ ಬಗ್ಗೆ, ಯಾಕೆಂದರೆ ಅದು ಕದ್ದದ್ದಲ್ಲ. ಆಡಳಿತ ಮಂಡಳಿ ಒಪ್ಪಿ ಕೊಟ್ಟದ್ದು.

ಒಂದು ಸಣ್ಣ ಲೆಕ್ಕ ಹಾಕಿ. ಸ್ಥಳೀಯ ಘಟಕಗಳು ತಾವು ಸೇರಿಸಿದ್ದರಲ್ಲಿ ಶೇಕಡಾ 1ರಷ್ಟನ್ನು ವಂತಿಗೆ ಅಂತ ಮೇಲಿನ ಕಚೇರಿಗೆ ಕಳಿಸುತ್ತಿದ್ದವು. ಅಂದರೆ ನೂರು ಡಾಲರ್ ಕೊಟ್ಟವನ ದುಡ್ಡಿನಲ್ಲಿ ಹೆಚ್ಚೆಂದರೆ ಒಂದು ಡಾಲರ್ ಅಲ್ಲಿಗೆ ಹೋಗುತ್ತಿತ್ತು. ಅರಮೋನಿಯ ಸಂಬಳವನ್ನು ಒಟ್ಟು ಸಂಗ್ರಹಕ್ಕೆ ಹಂಚಿದರೆ ಆ ನೂರು ಡಾಲರಿಗೆ ಬರುವುದು ಒಂದೂವರೆ ಸೆಂಟು. ಅಷ್ಟೇ! ಆತ ಬಿಟ್ಟಿಯಾಗಿ ದುಡಿದಿದ್ದರೂ ದಾನಿಗೆ ಉಳಿಯುತ್ತಿದ್ದದ್ದು ಅಷ್ಟೇ.

ಹಾಗಾದರೆ ಜನ ಅಷ್ಟೊಂದು ಸಿಟ್ಟಾದದ್ದು ಯಾಕೆ? ಸುಮ್ನೆ ಹೊಟ್ಟೆಕಿಚ್ಚು ಅಂತ ಕೆಲವರು ಹೇಳಿದರು, ನನಗೆ ಹಾಗನ್ನಿಸುವುದಿಲ್ಲ. ಮಂಡಳಿಯ ಅಧ್ಯಕ್ಷರಾಗಿದ್ದವರು ಐಬಿಎಂ ಕಂಪನಿಯ ಮುಖ್ಯಸ್ಥ ಜಾನ್ ಏಕರ್ಸ್, ಜೊತೆಗಿದ್ದವರಲ್ಲೂ ದೊಡ್ಡ ಕಂಪನಿಗಳ ಯಜಮಾನರು ಬೇಕಾದಷ್ಟು. ಅವರ ಪಗಾರದ ಮುಂದೆ ನಾಲ್ಕೂವರೆ ಲಕ್ಷ ಡಾಲರ್ ಯಾವ ಮೂಲೆಗೆ? ಆದರೆ ದಾನಿ ಅಳೆಯುವುದು ತನ್ನ ಸಂಬಳದ ಚೀಟಿಯಿಂದ. ವಾರಕ್ಕೆ ಎರಡು ಡಾಲರ್ ಬಿಟ್ಟುಕೊಟ್ಟ ಕಾರ್ಖಾನೆಯವನಿಗೆ ಆ ಎರಡು ಡಾಲರ್ ಕಾಣಿಸುತ್ತದೆ, ಕಾನ್‌ಕಾರ್ಡೂ ಕಾಣಿಸುತ್ತದೆ. ನಡುವಿನ ಭಾಗಾಕಾರ ಅವನಿಗೆ ಬೇಕಿಲ್ಲ. ಮೇಲಾಗಿ ಈ ಸುದ್ದಿ ತಿಳಿದದ್ದು ಪೇಪರಿನಿಂದ, ತಾನು ದುಡ್ಡು ಕೊಟ್ಟ ಸಂಸ್ಥೆಯಿಂದ ಅಲ್ಲ. ಮೊದಲೇ ಹೇಳಿದ್ದರೆ ಬೈದುಕೊಂಡಾದರೂ ಕೊಡುತ್ತಿದ್ದನೇನೋ.

ಆಮೇಲೆ ಆದದ್ದು ನೋಡಿ. ಎಷ್ಟೋ ಘಟಕಗಳು ಮೇಲಿನವರಿಗೆ ವಂತಿಗೆ ನಿಲ್ಲಿಸಿದವು, ಸರಿಯಾಗೇ ಮಾಡಿದವು. ದಾನಿಗಳು ಮಾತ್ರ ಘಟಕಗಳಿಗೇ ಕೊಡುವುದನ್ನು ಕಡಿಮೆ ಮಾಡಿದರು. 1992ರಲ್ಲಿ ಒಟ್ಟು ಸಂಗ್ರಹ ಇಳಿಯಿತು. ಆಗ ಅಮೆರಿಕದಲ್ಲಿ ಕೆಲಸ ಹೋದವರು ಜಾಸ್ತಿ ಇದ್ದರು, ಹಾಗಾಗಿ ಪೂರ್ತಿ ತಪ್ಪನ್ನು ಅರಮೋನಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ನೂರರಲ್ಲಿ ತೊಂಬತ್ತೊಂಬತ್ತು ಡಾಲರ್ ಉಳಿಯುತ್ತಿದ್ದದ್ದು ಊರಿನಲ್ಲೇ. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ವಯಸ್ಸಾದವರ ಮನೆಗೆ ಊಟ, ಇಂಥವಕ್ಕೆ. ಸಿಟ್ಟು ಇದ್ದದ್ದು ಮೇಲಿನವನ ಮೇಲೆ, ಪೆಟ್ಟು ಬಿದ್ದದ್ದು ಇವರಿಗೆ.

1996ರಲ್ಲಿ ಕಾನೂನು ಬಂತು. ಸಂಸ್ಥೆಯಿಂದ ನ್ಯಾಯವಾದದ್ದಕ್ಕಿಂತ ಹೆಚ್ಚು ಪಡೆದವನು ಆ ಹೆಚ್ಚುವರಿ ಮೊತ್ತದ ಮೇಲೆ ಶೇಕಡಾ 25 ದಂಡದ ತೆರಿಗೆ ಕಟ್ಟಬೇಕು, ದುಡ್ಡು ವಾಪಸ್ ಕೊಡದಿದ್ದರೆ ಶೇಕಡಾ 200. ಇದು ಒಳ್ಳೆಯದು, ತಿಂದವನೇ ಕಕ್ಕಬೇಕು. 2017ರಲ್ಲಿ ಇನ್ನೊಂದು ಮಾಡಿದರು, ಯಾರಿಗಾದರೂ ಹತ್ತು ಲಕ್ಷ ಡಾಲರಿಗಿಂತ ಜಾಸ್ತಿ ಸಂಬಳ ಕೊಟ್ಟರೆ ಮೇಲಿನ ಮೊತ್ತಕ್ಕೆ ಸಂಸ್ಥೆಯೇ ಶೇಕಡಾ 21 ತೆರಿಗೆ ಕಟ್ಟಬೇಕಂತೆ. ಅಂದರೆ ಅದೂ ಸಂಸ್ಥೆಯ ಹುಂಡಿಯಿಂದಲೇ! ಇದರ ಜಾಣತನ ನನಗೆ ಅರ್ಥವಾಗಿಲ್ಲ.

ನನಗೆ ಇಷ್ಟವಾಗುವುದು ಅಲ್ಲಿನ ಫಾರಂ 990. ಅಲ್ಲಿನ ದೊಡ್ಡ ಸೇವಾ ಸಂಸ್ಥೆಗಳಲ್ಲಿ ಹೆಚ್ಚಿನವು ಪ್ರತಿ ವರ್ಷ ಇದನ್ನು ತೆರಿಗೆ ಇಲಾಖೆಗೆ ಸಲ್ಲಿಸುತ್ತವೆ, ಯಾರು ಬೇಕಾದರೂ ನೋಡಬಹುದು. ಏಳನೇ ಭಾಗದಲ್ಲಿ ಮುಖ್ಯಸ್ಥರ ಹೆಸರು, ವಾರಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಸಂಬಳ. ಶೆಡ್ಯೂಲ್ ಜೆ ಅನ್ನುವ ಹಾಳೆಯಲ್ಲಿ ಪುಟ್ಟ ಪುಟ್ಟ ಚೌಕಗಳಿವೆ, ಟಿಕ್ ಹಾಕುವುದಕ್ಕೆ. ಫಸ್ಟ್ ಕ್ಲಾಸ್ ಪ್ರಯಾಣ ಕೊಟ್ಟಿದ್ದೀರಾ? ಜೊತೆಗೆ ಬಂದವರ ಟಿಕೆಟ್ ಕೊಟ್ಟಿದ್ದೀರಾ? ಮನೆ ಬಾಡಿಗೆ? ಕ್ಲಬ್ಬಿನ ಫೀಸು? ಮನೆಗೆಲಸದವರು, ಡ್ರೈವರ್, ಅಡುಗೆಯವರು? ಅರಮೋನಿಯ ಕಾರು ನೆನಪಿಗೆ ಬಂತು ಅಲ್ವಾ?

ಸಂಬಳವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಾವಿರಾರು ಜನ ಕೆಲಸ ಮಾಡುವ ಆಸ್ಪತ್ರೆ ನಡೆಸುವವರಿಗೆ ಪುಡಿಗಾಸು ಕೊಟ್ಟರೆ ಯಾರು ಬರುತ್ತಾರೆ? ಅರಮೋನಿಯ ನಂತರ ಬಂದ ಇಲೇನ್ ಚಾವೊ 1,95,000 ಡಾಲರಿಗೆ ಒಪ್ಪಿಕೊಂಡರು. ಅದೇನೂ ಕಡಿಮೆ ಸಂಬಳವಲ್ಲ.

ನಮ್ಮಲ್ಲಿ ಬೇರೆ ಥರ. ಟ್ರಸ್ಟಿಗೋ ಅವರ ಮಗನಿಗೋ ಕೆಲಸಕ್ಕೆ ಮೀರಿದ ಸಂಬಳ ಕೊಟ್ಟರೆ ಆ ಮೊತ್ತಕ್ಕೆ ಟ್ರಸ್ಟಿನ ತೆರಿಗೆ ವಿನಾಯಿತಿ ತಪ್ಪಬಹುದು. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ ಅಂತ 2020ರಲ್ಲಿ ಬಂತು, ಮೊದಲು 50 ಇತ್ತು. ಆದರೆ ನಾನು ನೀವು ಐದು ಸಾವಿರ ಕೊಟ್ಟಾಗ ಕೈಗೆ ಬರುವುದು ತೆರಿಗೆ ರಿಯಾಯಿತಿಯ ರಸೀದಿ. ಅದರಲ್ಲಿ ಕಾರ್ಯದರ್ಶಿಯ ಸಂಬಳ ಇರುವುದಿಲ್ಲ. ಈ ಸಲ ಕೊಡುವಾಗ ವರ್ಷದ ಲೆಕ್ಕಪತ್ರ ಒಂದು ಪ್ರತಿ ಕೊಡಿ, ಮೇಲಿನವರ ಸಂಬಳ ಎಷ್ಟು ಅಂತ ಕೇಳಿ. ಸಂಕೋಚ ಬೇಡ. ಉತ್ತರ ಇಷ್ಟವಾಗದಿದ್ದರೆ ಅಧ್ಯಕ್ಷರಿಗೆ ಒಂದು ಕಾಗದ ಬರೆಯಿರಿ, ಮಕ್ಕಳ ಊಟದ ದುಡ್ಡು ನಿಲ್ಲಿಸುವುದು ಅದಾದ ಮೇಲಿನ ಮಾತು.

ನಮಸ್ಕಾರ.