ಕರುಳಿನ ಗೋಡೆಗೆ ಯಾವ ಮಾತ್ರೆ?

ಕೇಳುಗರೇ, ನಮಸ್ಕಾರ.

‘ಲೀಕಿ ಗಟ್’ ಅನ್ನೋ ಮಾತು ಈಚೆಗೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಕರುಳು ಸೋರುತ್ತಿದೆ, ಅದಕ್ಕೇ ಸುಸ್ತು, ಮೈಕೈ ನೋವು, ಮೊಡವೆ ಎಲ್ಲಾ, ಈ ಪುಡಿ ತಗೊಳ್ಳಿ ಸರಿಹೋಗುತ್ತದೆ ಅಂತ ಡಬ್ಬಿ ತೋರಿಸುತ್ತಾರೆ.

ಸೋರುವುದು ಪೂರ್ತಿ ಸುಳ್ಳಲ್ಲ. ಕರುಳಿನ ಒಳಮೈಗೆ ಇರುವುದು ಒಂದೇ ಒಂದು ಸಾಲು ಜೀವಕೋಶ, ಅವುಗಳ ನಡುವೆ ಪ್ರೋಟೀನಿನ ಹೊಲಿಗೆ, ಮೇಲೆ ಲೋಳೆ. ಉಂಡ ಅನ್ನದ ಸಾರ ರಕ್ತಕ್ಕೆ ಹೋಗಬೇಕು, ರೋಗಾಣು ಹೋಗಬಾರದು. ಗೋಧಿ ಒಗ್ಗದ ಸೀಲಿಯಾಕ್, ಕರುಳಿಗೆ ಉರಿಯೂತ ಬರುವ ಕ್ರೋನ್ಸ್ ಕಾಯಿಲೆಗಳಲ್ಲಿ ಈ ಹೊಲಿಗೆ ಸಡಿಲವಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಸುಮ್ನೆ ನುಂಗುತ್ತಿದ್ದರೂ ಒಳಪದರ ಕೆಡುತ್ತದೆ. ಆದರೆ ಎಲ್ಲ ಸುಸ್ತಿಗೂ ಇದೇ ಕಾರಣ ಅನ್ನುವುದಕ್ಕೆ ಆಧಾರವಿಲ್ಲ.

ಆ ಡಬ್ಬಿಗಳಲ್ಲಿ ಬರುವ ಗ್ಲುಟಮಿನ್ ಪುಡಿಯನ್ನೇ ನೋಡಿ, ಅದು ಪ್ರೋಟೀನಿನಲ್ಲಿರುವ ಒಂದು ಅಂಶ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ಹೊಟ್ಟೆಯ ಸೋಂಕಾದ ಮೇಲೆ ಭೇದಿ ನಿಲ್ಲದೆ ನರಳುತ್ತಿದ್ದವರಿಗೆ ದಿನಕ್ಕೆ 15 ಗ್ರಾಂನಂತೆ 8 ವಾರ ಕೊಟ್ಟರು. ಅವರಲ್ಲಿ ಅನೇಕರಿಗೆ ಗುಣ ಕಂಡಿತು, ಕರುಳು ಸೋರುವುದೂ ಕಡಿಮೆಯಾಯಿತು. ಆದರೆ ಅದು ಸಣ್ಣ ಪರೀಕ್ಷೆ, ಆ ಒಂದು ತೊಂದರೆ ಇದ್ದವರಿಗೆ ಮಾತ್ರ ಮಾಡಿದ್ದು. ಡಬ್ಬಿ ಮಾರುವವರು ಅದನ್ನು ಎಲ್ಲರಿಗೂ ಅನ್ವಯಿಸಿಬಿಡುತ್ತಾರೆ, ನನಗೆ ಬೇಸರ ಆಗುವುದು ಅಲ್ಲೇ.

ಕರುಳಿಗೆ ನಿಜಕ್ಕೂ ಆಸರೆಯಾಗುವ ಒಂದು ಪೂರಕ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದೆ, ಆಶಾ ಕಾರ್ಯಕರ್ತೆಯರೂ ಕೊಡುತ್ತಾರೆ. ಝಿಂಕ್ ಮಾತ್ರೆ. ಭೇದಿಯಾದಾಗ ಮಗುವಿನ ಮೈಯಿಂದ ಝಿಂಕ್ ಹೋಗಿಬಿಡುತ್ತದೆ, ಹಾಳಾದ ಒಳಪದರ ಮತ್ತೆ ಬೆಳೆಯಲು ಅದು ಬೇಕೇ ಬೇಕು. 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿವೆ, ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆಗೆ ಝಿಂಕ್ ಕೊಡಿ ಅಂತ. ನಮ್ಮಲ್ಲಿ 14 ದಿನ ಕೊಡುತ್ತಾರೆ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 2ರಿಂದ 6 ತಿಂಗಳ ಮಗುವಿಗಾದರೆ 10. ಚಮಚದಲ್ಲಿ ಎದೆಹಾಲು ಅಥವಾ ಕಾಯಿಸಿ ಆರಿಸಿದ ನೀರು ಹಾಕಿ ಮಾತ್ರೆ ಕರಗಿಸಿದರಾಯಿತು.

ಎಷ್ಟೋ ಮನೆಯಲ್ಲಿ ಮೂರನೇ ದಿನ ಭೇದಿ ನಿಂತ ಕೂಡಲೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅಮ್ಮಂದಿರೇ, ಅಜ್ಜಿಯರೇ, ದಯವಿಟ್ಟು ಹಾಗೆ ಮಾಡಬೇಡಿ, 14 ದಿನ ಮುಗಿಸಿ. ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿಯಾಗುವ ಸಂಭವ ಕಡಿಮೆಯಾಗುವುದು ಆಗಲೇ.

ದೊಡ್ಡವರು ಕಾಳು, ಸೊಪ್ಪು, ರಾಗಿ ಜಾಸ್ತಿ ತಿನ್ನಿ. ಅವುಗಳ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲವಾಗಿ ಮಾಡುತ್ತವೆ, ದೊಡ್ಡ ಕರುಳಿನ ಕೋಶಗಳಿಗೆ ಅದೇ ಮುಖ್ಯ ಆಹಾರ. ಇನ್ನು ಮಲದಲ್ಲಿ ರಕ್ತ ಬಂದರೆ, ತೂಕ ಇಳಿಯುತ್ತಿದ್ದರೆ, ಮಗು ಮಂಕಾಗಿ ಏನೂ ಕುಡಿಯದಿದ್ದರೆ ಪುಡಿ ಮಾತ್ರೆ ಅಂತ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ನಮಸ್ಕಾರ.