ಮುಂಬಯಿ ಸೆಕೆಗೆ ಪುನರ್ಪುಳಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಮಂಗಳೂರು ಕಡೆಯವರಿಗೆ ಇದು ಪುನರ್ಪುಳಿ, ಶಿರಸಿ ಕಡೆಯವರಿಗೆ ಮುರುಗಲು. ದಾದರ್ ಮಾರ್ಕೆಟ್ಟಿನಲ್ಲಿ ಕೋಕಂ ಅಥವಾ ಆಮ್ಸೂಲ್ ಅಂತ ಕೇಳಬೇಕು. ಹಣ್ಣು ಒಂದೇ. ಪಶ್ಚಿಮ ಘಟ್ಟದ ಮರ ಇದು. ಬೇಸಿಗೆಯ ಕೊನೆಗೆ ಹಣ್ಣಾಗುತ್ತದೆ. ಮಳೆ ಬೇಗ ಹಿಡಿದರೆ ಸಿಪ್ಪೆ ಒಣಗಿಸಲು ಬಿಸಿಲೇ ಇಲ್ಲದೆ ಎಷ್ಟೋ ಹಣ್ಣು ಮರದಡಿಯೇ ಕೊಳೆಯುತ್ತದೆ. ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ.

ಹಣ್ಣಿನ ಮುಖ್ಯ ಗುಣ ಇರುವುದು ಸಿಪ್ಪೆಯಲ್ಲಿ. ಆ ಕಡುಗೆಂಪು ಬಣ್ಣ ಆಂಥೋಸಯಾನಿನ್‌ನದು. ನೇರಳೆ ಹಣ್ಣಿನ ಬಣ್ಣವೂ ಇದೇ ಜಾತಿಯದು. ಇದು ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್. ಆದರೆ ಹೆಚ್ಚು ಹೊತ್ತು ಕುದಿಸಿದರೆ, ಬೆಳಕಿನಲ್ಲಿ ಇಟ್ಟರೆ ಹಾಳಾಗುತ್ತದೆ. ಅದಕ್ಕೇ ನಾನು ಸಿಪ್ಪೆಯನ್ನು ನೀರಲ್ಲಿ ನೆನೆಸಿ, ಕಿವುಚಿ, ಸೋಸಿ ಕುಡಿಯಿರಿ ಅನ್ನುವುದು. ಸೋಲ್‌ಕಢಿ ಮಾಡುವವರು ಇದನ್ನೇ ಮಾಡುತ್ತಾರೆ ಅಲ್ವಾ? ನೆನೆಸಿದ ರಸಕ್ಕೆ ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು. ಒಲೆಯ ಮೇಲೆ ಇಡುವುದೇ ಇಲ್ಲ.

ಈಗ ಶರಬತ್ತಿನ ಮಾತು. ಅಂಗಡಿಯ ಸಿರಪ್ಪಿನಲ್ಲಿ ಸಾಮಾನ್ಯವಾಗಿ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ. ಸಕ್ಕರೆ ಕಾಯಿಲೆ ಇರುವ ಎಷ್ಟೋ ಜನ ಇದನ್ನು ಔಷಧಿ ಎಂದು ನಂಬಿ ದಿನಕ್ಕೆ ಎರಡು ಲೋಟ ಕುಡಿಯುತ್ತಾರೆ. ನೋಡಿ ಸಂಕಟವಾಗುತ್ತದೆ. ಲೋಕಲ್ ರೈಲಿನಲ್ಲಿ ಬೆವರಿ ಮನೆಗೆ ಬಂದವರಿಗೆ ಬೇಕಾಗಿರುವುದು ನೀರು, ಚೂರು ಉಪ್ಪು. ಹುಳಿ ಇದ್ದರೆ ಬಾಯಿಗೆ ಹಿತ, ನೀರೂ ಹೆಚ್ಚು ಇಳಿಯುತ್ತದೆ. ಸಿಪ್ಪೆ ನೆನೆಸಿದ ನೀರಿಗೆ ಜೀರಿಗೆ ಪುಡಿ ಹಾಕಿ. ಬೇಕೆನಿಸಿದರೆ ಮಾತ್ರ ಬೆಲ್ಲ. ಆಮ್ಸೂಲ್ ಅಂತ ಮಾರುವ ಒಣ ಸಿಪ್ಪೆಗೆ ಸಾಮಾನ್ಯವಾಗಿ ಮೊದಲೇ ಉಪ್ಪು ಬೆರೆಸಿರುತ್ತಾರೆ. ಬಿಪಿ ಇರುವವರು ಮೇಲಿಂದ ಮತ್ತೆ ಉಪ್ಪು ಹಾಕಬೇಡಿ.

ಮನೆಮದ್ದಿಗೆ ಬರೋಣ. ಪಿತ್ತದ ಗಂಧೆ ಎದ್ದಾಗ ಈ ರಸ ಕುಡಿಸಿ, ಮೈಗೂ ಹಚ್ಚುವುದು ನಮ್ಮಲ್ಲೂ ಕೊಂಕಣದಲ್ಲೂ ಹಳೆಯ ರೂಢಿ. ತಂಪೆನಿಸುತ್ತದೆ, ಹಚ್ಚಿಕೊಳ್ಳಿ. ಆದರೆ ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ಹೊಟ್ಟೆಯುರಿಗೂ ಇದನ್ನೇ ಹೇಳುವವರಿದ್ದಾರೆ. ಇದು ಹುಳಿ ಪದಾರ್ಥ. ಅಲ್ಸರ್ ಇರುವವರಿಗೆ ಖಾಲಿ ಹೊಟ್ಟೆಯಲ್ಲಿ ಉರಿ ಹೆಚ್ಚಾದೀತು. ಭೇದಿಗೆ ಓಆರ್‌ಎಸ್ ಕೊಡಿ, ಅದರ ಬದಲಿಗೆ ಇದು ಸಾಲದು.

ನನಗೆ ಬಹಳ ಇಷ್ಟವಾದದ್ದು ಬೀಜದ ಕೊಬ್ಬು. ಊರಲ್ಲಿ ಮುರುಗಲು ತುಪ್ಪ ಅನ್ನುತ್ತೇವೆ. ಇಲ್ಲಿ ಕೋಕಂ ತೇಲ್ ಅಂತ ಬಿಳಿ ಉಂಡೆಯಾಗಿ ಸಿಗುತ್ತದೆ. ಸ್ಟಿಯರಿಕ್ ಆಮ್ಲ ಹೆಚ್ಚಿರುವುದರಿಂದ ಮನೆಯ ಬಿಸಿಗೆ ಗಟ್ಟಿಯಾಗಿಯೇ ಇರುತ್ತದೆ. ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹಿಮ್ಮಡಿ ಒಡೆದವರು ರಾತ್ರಿ ಕಾಲು ತೊಳೆದು, ಒರೆಸಿ, ಚೂರು ಬಿಸಿ ಮಾಡಿ ಹಚ್ಚಲಿ. ತೇವ ಒಳಗೇ ಉಳಿದು ಚರ್ಮ ಮೆತ್ತಗಾಗುತ್ತದೆ. ಮಧುಮೇಹಿಗಳ ಕಾಲಿನ ಗಾಯಕ್ಕೆ ಮಾತ್ರ ಇದು ಬೇಡ, ಡಾಕ್ಟರಿಗೇ ತೋರಿಸಿ.

ತೂಕ ಇಳಿಸುವ ಗಾರ್ಸೀನಿಯಾ ಮಾತ್ರೆಗಳ ಬಗ್ಗೆ ಜನ ಕೇಳುತ್ತಿರುತ್ತಾರೆ. ಗಾರ್ಸೀನಿಯಾ ಅಂದರೆ ಪುನರ್ಪುಳಿ ಸೇರಿದ ಸಸ್ಯಕುಲದ ಹೆಸರು. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಮೈಯಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ, ನಿಜ. ಆದರೆ ಮನುಷ್ಯರಲ್ಲಿ ತೂಕ ಇಳಿದದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ಇದೇ ಕುಲದ ಉಪ್ಪಾಗೆಯ ಸಾರದ ಮಾತ್ರೆ ನುಂಗಿ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಸಾರಿಗೆ ನಾಲ್ಕು ಸಿಪ್ಪೆ ಹಾಕುವುದು ಬೇರೆ, ಸಾರ ತೆಗೆದು ಮಾತ್ರೆ ಮಾಡಿ ನುಂಗುವುದು ಬೇರೆ.

ಕೊಳ್ಳುವಾಗ ಮೆತ್ತಗೆ, ಕಪ್ಪುಗೆಂಪಾಗಿ ಇರುವುದನ್ನೇ ಆರಿಸಿ. ಮುಂಬಯಿ ಮಳೆಗಾಲದಲ್ಲಿ ಉಪ್ಪು ನೀರೆಳೆದು ಸಿಪ್ಪೆ ಜಿಗುಟಾಗುತ್ತದೆ. ಗಾಜಿನ ಬಾಟಲಿಯಲ್ಲೋ ಭರಣಿಯಲ್ಲೋ ತುಂಬಿ ಬಿಗಿಯಾಗಿ ಮುಚ್ಚಿಡಿ. ಅಲ್ಯೂಮಿನಿಯಂ ಡಬ್ಬಿ ಬೇಡ.